ಪೊಟೋಸಿಯ ಬೆಳ್ಳಿ, ಕೋಲಾರದ ಚಿನ್ನ, ಮಾಲೂರಿನ ರೈಲು

ಬೆಳಗಿನ ಜಾವ ಮಾಲೂರು ರೈಲ್ವೆ ಸ್ಟೇಷನ್ನಿಗೆ ಒಮ್ಮೆ ಹೋಗಿ ನಿಂತು ನೋಡಿ. ಇನ್ನೂ ಸರಿಯಾಗಿ ಬೆಳಕು ಹರಿದಿರೋದಿಲ್ಲ. ಮಾರಿಕುಪ್ಪಂ ಕಡೆಯಿಂದ ಟ್ರೈನು ಬಂದು ನಿಲ್ಲುತ್ತೆ. ಕಾಲಿಡೋಕೆ ಜಾಗ ಇರೋದಿಲ್ಲ. ಮಾಲೂರಿನವರು ಹತ್ತೋ ಹೊತ್ತಿಗೆ ಸೀಟೆಲ್ಲ ಭರ್ತಿ. ಕೂತವರು ಕೆಜಿಎಫ್‌ನವರು. ಚಾಂಪಿಯನ್, ಊರಿಗಾಂ, ಕೋರಮಂಡಲ್ ಅಂತ ಗಣಿಗಳ ಹೆಸರನ್ನೇ ಹೊತ್ತ ಸ್ಟೇಷನ್ನುಗಳಲ್ಲಿ ಹತ್ತಿ, ಅರ್ಧ ನಿದ್ದೆಯಲ್ಲಿ ತೂಗಾಡುತ್ತಾ ಬೆಂಗಳೂರಿಗೆ ಹೋಗೋರು. ಒಬ್ಬ ಅಪಾರ್ಟ್‌ಮೆಂಟಿನ ಗೇಟ್ ಕಾಯ್ತಾನೆ, ಇನ್ನೊಬ್ಬಳು ಆಸ್ಪತ್ರೆಯಲ್ಲಿ ನರ್ಸು, ಮತ್ತೊಬ್ಬ ಕಂಪ್ಯೂಟರ್ ಕಂಪನಿಯಲ್ಲಿ ಇಂಗ್ಲಿಷ್ ಮಾತಾಡೋ ಕೆಲಸಗಾರ. ಇವರ ಅಪ್ಪ, ತಾತ, ಮುತ್ತಾತ ಬೆಳಗ್ಗೆ ಕೆಲಸಕ್ಕೆ ಹೊರಟರೆ ನೆಲದೊಳಗೆ ಇಳೀತಿದ್ದರು. ಮೂರು ಕಿಲೋಮೀಟರ್ ಕೆಳಕ್ಕೆ. ಮೊಮ್ಮಕ್ಕಳು ನೂರು ಕಿಲೋಮೀಟರ್ ಅಡ್ಡಕ್ಕೆ ಹೋಗ್ತಿದ್ದಾರೆ.

ಇವತ್ತು ನಾನು ನಿಮಗೆ ಬೊಲಿವಿಯಾದ ಕಥೆ ಹೇಳಬೇಕು ಅಂತಿದ್ದೀನಿ. ಸ್ಟುಡಿಯೋದಲ್ಲಿ ಈ ಮಾತು ಎತ್ತಿದಾಗ ನಮ್ಮ ಹುಡುಗರು ನಕ್ಕರು. "ಸಾರ್, ಬೊಲಿವಿಯಾಗೆ ಟಿಆರ್‌ಪಿ ಬರುತ್ತಾ?" ಅಂದರು. ಬರೋದಿಲ್ಲ, ನನಗೂ ಗೊತ್ತು. ಆದರೆ ಕೋಲಾರ ಜಿಲ್ಲೆಯವರಿಗೆ ತಮ್ಮ ಕಥೆ ಪೂರ್ತಿ ಅರ್ಥ ಆಗಬೇಕು ಅಂದ್ರೆ, ಭೂಮಿಯ ಆ ಕಡೆ ಇರೋ ಈ ದೇಶವನ್ನ ಒಂದು ಸಾರಿ ನೋಡಿ ಬರಬೇಕು. ಸ್ಪ್ಯಾನಿಷ್ ಮಾತಾಡೋ, ಸಮುದ್ರವೇ ಇಲ್ಲದ, ದಕ್ಷಿಣ ಅಮೆರಿಕದ ಮಧ್ಯದಲ್ಲಿರೋ ದೇಶ ಅದು. ನಮಗೇನು ಸಂಬಂಧ ಅಂತೀರಾ? ಮಾಲೂರಿನ ಹೊಲಗಳಲ್ಲಿ ಬೆಳೆಯೋ ಆಲೂಗಡ್ಡೆ ಇದೆಯಲ್ಲ, ನಮ್ಮ ಕಡೆ ಉರ್ಲಗಡ್ಡೆ ಅಂತೀವಲ್ಲ, ಅದರ ತವರುಮನೆ ಅಲ್ಲಿ. ಪೆರು ಮತ್ತು ಬೊಲಿವಿಯಾ ಗಡಿಯ ಟಿಟಿಕಾಕಾ ಸರೋವರದ ಸುತ್ತಲಿನ ಆ ಎತ್ತರದ ಬಯಲಲ್ಲಿ ಸಾವಿರಾರು ವರ್ಷಗಳ ಹಿಂದೆ ಅದನ್ನ ಪಳಗಿಸಿದರು. ರಾತ್ರಿ ಹಿಮದಲ್ಲಿ ಹರಡಿ, ಹಗಲು ಬಿಸಿಲಿಗೆ ಬಿಟ್ಟು, ಕಾಲಲ್ಲಿ ತುಳಿದು ನೀರು ಹಿಂಡಿ ಒಣಗಿಸಿದರೆ ವರ್ಷಗಟ್ಟಲೆ ಕೆಡೋದಿಲ್ಲ. ಅದಕ್ಕೆ ಚುನ್ಯೊ ಅಂತ ಹೆಸರು. ನಾವು ಮಜ್ಜಿಗೆ ಮೆಣಸಿನಕಾಯಿ ಮಾಡಿಡೋ ಹಾಗೆ. ಆ ಒಣ ಆಲೂಗಡ್ಡೆ ತಿಂದ ಜನವೇ ಜಗತ್ತಿನ ಅತಿ ದೊಡ್ಡ ಬೆಳ್ಳಿ ಗಣಿಯನ್ನ ಅಗೆದಿದ್ದು.

ಗಣಿಯ ಹೆಸರು ಪೊಟೋಸಿ. 1545ರಲ್ಲಿ ಸ್ಪೇನಿನವರ ಕಣ್ಣಿಗೆ ಅದು ಬಿತ್ತು. ಸೆರ್ರೊ ರಿಕೊ, ಅಂದ್ರೆ ಸಿರಿವಂತ ಬೆಟ್ಟ ಅಂತ ಹೆಸರಿಟ್ಟರು. ನಮ್ಮ ನಂದಿಬೆಟ್ಟವನ್ನ ಒಂದರ ಮೇಲೊಂದು ಮೂರು ಇಟ್ಟರೂ ಆ ಬೆಟ್ಟದ ತುದಿ ಇನ್ನೂ ಮೇಲೇ ಇರುತ್ತೆ. ಉಸಿರಾಡೋಕೆ ಗಾಳಿ ಸಾಲದ ಜಾಗ. ಅಂಥ ಕಡೆ ಅರವತ್ತು ಎಪ್ಪತ್ತು ವರ್ಷಗಳಲ್ಲಿ ಒಂದೂವರೆ ಲಕ್ಷ ಜನರ ನಗರ ಎದ್ದು ನಿಂತಿತು. ಆ ಕಾಲದ ಲಂಡನ್ ಪಕ್ಕ ನಿಲ್ಲಿಸಬಹುದಾದ ನಗರ. ಇವತ್ತಿಗೂ ಸ್ಪ್ಯಾನಿಷ್ ಭಾಷೆಯಲ್ಲಿ ಬಹಳ ಬೆಲೆಬಾಳುವ ವಸ್ತುವಿಗೆ "ಒಂದು ಪೊಟೋಸಿಯಷ್ಟು ಬಾಳುತ್ತೆ" ಅಂತಾರೆ.

ಅಗೆದವರು ಯಾರು? ಅಲ್ಲಿನ ಆದಿವಾಸಿಗಳು. ಇಂಕಾ ಅರಸರ ಕಾಲದಲ್ಲಿ ಮಿತಾ ಅಂತ ಒಂದು ಸರದಿ ಪದ್ಧತಿ ಇತ್ತು, ಊರಿನ ಕೆಲಸಕ್ಕೆ ಮನೆಗೊಬ್ಬರು ಹೋಗಿ ದುಡಿಯೋದು. ಸ್ಪೇನಿನ ವೈಸರಾಯ್ ಟೊಲೆಡೊ 1570ರ ದಶಕದಲ್ಲಿ ಅದೇ ಹೆಸರಿಟ್ಟುಕೊಂಡು ಅದನ್ನ ಬಿಟ್ಟಿ ಚಾಕರಿಗೆ ತಿರುಗಿಸಿದ. ಹದಿನಾರು ಪ್ರಾಂತ್ಯಗಳಿಂದ ಏಳು ಗಂಡಸರಲ್ಲಿ ಒಬ್ಬ, ವರ್ಷಕ್ಕೆ ಹದಿಮೂರು ಸಾವಿರಕ್ಕೂ ಹೆಚ್ಚು ಜನ ಪೊಟೋಸಿಗೆ ನಡೆದು ಬರಬೇಕು. ನಾಮಕಾವಸ್ತೆ ಕೂಲಿ ಇತ್ತು, ಅದರಲ್ಲಿ ಹೊಟ್ಟೆ ತುಂಬ್ತಿರಲಿಲ್ಲ. ಅದಿರಿನಿಂದ ಬೆಳ್ಳಿ ಬಿಡಿಸೋಕೆ ಪಾದರಸ ಬೆರೆಸಿ ಬರಿಗಾಲಲ್ಲಿ ತುಳಿಯೋರು. ಎಷ್ಟು ಜನ ಸತ್ತರು ಅನ್ನೋದಕ್ಕೆ ಲೆಕ್ಕ ಇಟ್ಟವರಿಲ್ಲ. ಎಷ್ಟು ಬೆಳ್ಳಿ ಬಂತು ಅನ್ನೋದಕ್ಕೆ ಮಾತ್ರ ಚೊಕ್ಕವಾದ ಲೆಕ್ಕ ಇದೆ, ಯಾಕಂದ್ರೆ ಅದರಲ್ಲಿ ಐದನೇ ಒಂದು ಪಾಲು ರಾಜನಿಗೆ ಹೋಗಬೇಕಿತ್ತು.

ಇಲ್ಲಿ ಒಂದು ತಮಾಷೆ ನೋಡಿ. ಇಷ್ಟು ಬೆಳ್ಳಿ ಬಂದ ಮೇಲೆ ಸ್ಪೇನ್ ದೊರೆ ಕುಬೇರ ಆಗಿರಬೇಕಲ್ವಾ? ಎರಡನೇ ಫಿಲಿಪ್ 1557ರಲ್ಲಿ ಸಾಲ ತೀರಿಸಲಾಗದೆ ಕೈ ಎತ್ತಿದ. 1575ರಲ್ಲಿ ಮತ್ತೆ ಕೈ ಎತ್ತಿದ. 1596ರಲ್ಲಿ ಮತ್ತೊಂದು ಸಾರಿ. ಬೆಳ್ಳಿ ಹಡಗಿನಿಂದ ಇಳಿಯೋದೇ ತಡ, ಯುದ್ಧದ ಸಾಲ ಕೊಟ್ಟ ಜಿನೋವಾ ಮತ್ತು ಜರ್ಮನಿಯ ಸಾಹುಕಾರರ ಪೆಟ್ಟಿಗೆಗೆ ಹೋಗ್ತಿತ್ತು. ಅಲ್ಲಿಂದ ಹಾಲೆಂಡ್, ಅಲ್ಲಿಂದ ಹಡಗು ಹತ್ತಿ ಸೂರತ್. ಮೊಗಲರ ಟಂಕಸಾಲೆಗಳಲ್ಲಿ ಕರಗಿ ರೂಪಾಯಿ ಆದ ಬೆಳ್ಳಿಯಲ್ಲಿ ದೊಡ್ಡ ಪಾಲು ಈ ಅಮೆರಿಕ ಖಂಡದ್ದೇ. ನಮ್ಮ ಮೆಣಸು, ನಮ್ಮ ಬಟ್ಟೆ ಕೊಳ್ಳೋಕೆ ಯುರೋಪಿನವರ ಹತ್ತಿರ ಇದ್ದ ಸರಕು ಅದೊಂದೇ.

1825ರ ಆಗಸ್ಟ್ 6ರಂದು ಸ್ವಾತಂತ್ರ್ಯ ಬಂತು. ಸಿಮೋನ್ ಬೊಲಿವಾರ್ ಹೆಸರಲ್ಲೇ ದೇಶಕ್ಕೆ ನಾಮಕರಣ ಆಯ್ತು. ಆಮೇಲಿನ ನೂರು ವರ್ಷ ಬರೀ ಕಳಕೊಂಡ ಕಥೆ. ಸಮುದ್ರದ ಕಡೆ ಮರಳುಗಾಡಲ್ಲಿ ಗೊಬ್ಬರಕ್ಕೂ ಮದ್ದುಗುಂಡಿಗೂ ಬೇಕಾದ ಪೆಟ್ಲುಪ್ಪು ಸಿಕ್ಕಿತು. ತೆಗೆಯುತ್ತಿದ್ದ ಚಿಲಿಯ ಕಂಪನಿ ಮೇಲೆ ಬೊಲಿವಿಯಾ ಕ್ವಿಂಟಾಲಿಗೆ ಹತ್ತು ಸೆಂಟಾವೊ ತೆರಿಗೆ ಹಾಕಿತು. ಹತ್ತೇ ಪೈಸೆ ಅನ್ನಿ! 1879ರಲ್ಲಿ ಚಿಲಿ ಸೈನ್ಯ ಬಂದು ಕರಾವಳಿಯನ್ನೇ ನುಂಗಿಬಿಟ್ಟಿತು. ಸಮುದ್ರ ಹೋಯ್ತು. ಆದರೂ ಇವತ್ತು ಬೊಲಿವಿಯಾಗೆ ನೌಕಾಪಡೆ ಇದೆ, ಸರೋವರದಲ್ಲಿ ಕವಾಯತು ಮಾಡುತ್ತೆ. ಪ್ರತಿ ಮಾರ್ಚ್ 23ಕ್ಕೆ ಸಮುದ್ರದ ದಿನ ಆಚರಿಸ್ತಾರೆ. ಅಂತರರಾಷ್ಟ್ರೀಯ ನ್ಯಾಯಾಲಯದವರೆಗೂ ಹೋದರು, 2018ರಲ್ಲಿ ಕೇಸು ಸೋತರು. ರಬ್ಬರ್ ಬೆಳೆಯೋ ಆಕ್ರೆ ಪ್ರದೇಶ 1903ರಲ್ಲಿ ಬ್ರೆಜಿಲ್ ಪಾಲಾಯ್ತು. 1932ರಿಂದ 35ರವರೆಗೆ ಪರಾಗ್ವೆ ಜೊತೆ ಚಾಕೊ ಯುದ್ಧ. ಎಣ್ಣೆ ಇದೆ ಅಂತ ನಂಬಿದ್ದ ಒಣ ಕುರುಚಲು ಕಾಡಿಗಾಗಿ ಐವತ್ತು ಸಾವಿರಕ್ಕೂ ಹೆಚ್ಚು ಬೊಲಿವಿಯನ್ನರು ಸತ್ತರು. ಬಹಳ ಜನ ಗುಂಡಿಗಿಂತ ಬಾಯಾರಿಕೆಗೆ ಸತ್ತರು.

ಬೆಳ್ಳಿ ಮುಗೀತಾ ಬಂತು, ತವರ ಶುರುವಾಯ್ತು. ಡಬ್ಬಿಗಳಲ್ಲಿ ಆಹಾರ ತುಂಬೋ ಕಾಲ ಬಂತಲ್ಲ, ಡಬ್ಬಿಗೆ ತವರದ ಲೇಪ ಬೇಕು. ಸಿಮೋನ್ ಪಾಟಿನ್ಯೊ ಅಂತ ಒಬ್ಬ ಸಾಮಾನ್ಯ ಮನೆಯ ಮನುಷ್ಯನಿಗೆ 1900ರಲ್ಲಿ ಯಾಯಾಗ್ವಾ ಅನ್ನೋ ಊರಲ್ಲಿ ತವರದ ಭಾರಿ ಸಿರ ಸಿಕ್ಕಿತು. ಮುಂದೆ ಜಗತ್ತಿನ ಅತಿ ದೊಡ್ಡ ಶ್ರೀಮಂತರಲ್ಲಿ ಒಬ್ಬನಾದ. ಆದರೆ ಬೊಲಿವಿಯಾದ ಅದಿರು ಕರಗ್ತಿದ್ದದ್ದು ಇಂಗ್ಲೆಂಡಿನ ಲಿವರ್‌ಪೂಲ್ ಹತ್ತಿರದ ಕುಲುಮೆಯಲ್ಲಿ, ಪಾಟಿನ್ಯೊ ಆ ಕುಲುಮೆಯನ್ನೂ ಕೊಂಡುಕೊಂಡಿದ್ದ. ಮನುಷ್ಯ ಯುರೋಪಲ್ಲಿ ಬದುಕಿದ, 1947ರಲ್ಲಿ ಅರ್ಜೆಂಟೀನಾದಲ್ಲಿ ತೀರಿಕೊಂಡ. ಮಣ್ಣು ಮಾಡೋಕೆ ಮಾತ್ರ ಬೊಲಿವಿಯಾಗೆ ತಂದರು.

ಈಗ ಟ್ರೈನು ಹಿಂದಕ್ಕೆ ತಿರುಗಿಸೋಣ. ಬಂಗಾರಪೇಟೆಗೆ.

ಕೋಲಾರದ ಚಿನ್ನ ಹಳೇದು. 1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಅನ್ನೋ ಸರ್ವೆ ಅಧಿಕಾರಿ ಇಲ್ಲಿಗೆ ಬಂದಾಗ ಊರಿಗಾಂ, ಮಾರಿಕುಪ್ಪಂ ಕಡೆಯ ಜನ ಮಣ್ಣು ತೊಳೆದು, ಹಳೇ ಗುಂಡಿಗಳಲ್ಲಿ ಇಳಿದು ಚಿನ್ನ ತೆಗೀತಿದ್ದರು. ಅವನ ವರದಿ ಏಳು ದಶಕ ಧೂಳು ತಿಂದಿತು. ಆಮೇಲೆ ಮೈಕೆಲ್ ಲವೆಲ್ ಅನ್ನೋ ಐರಿಷ್ ನಿವೃತ್ತ ಸೈನಿಕ ಆ ಹಳೇ ಕಾಗದ ಓದಿಕೊಂಡು, ಎತ್ತಿನಗಾಡಿ ಹತ್ತಿಕೊಂಡು ಬಂದ. 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿ ಹಾಕಿದ. ಅಲ್ಲಿ ಕೈಯಲ್ಲಿ ಕಾಸಿಲ್ಲದೆ ಸೋತ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂದ ಮೇಲೆ, ಚಾಂಪಿಯನ್ ಸಿರ ಸಿಕ್ಕ ಮೇಲೆ ಊರಿನ ಚಹರೆಯೇ ಬದಲಾಯ್ತು. 1894ಕ್ಕೆ ಮಾರಿಕುಪ್ಪಂವರೆಗೆ ರೈಲು. 1902ರ ಜೂನ್ 30ರಂದು ಶಿವನಸಮುದ್ರದಿಂದ ಕರೆಂಟು. 92 ಮೈಲಿ ತಂತಿ! ಆಗ ಜಗತ್ತಿನಲ್ಲೇ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಬೆಂಗಳೂರಿನ ಬೀದಿ ದೀಪ ಹತ್ತಿದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಇದನ್ನ ಹೇಳುವಾಗ ನಾವೆಲ್ಲ ಹೆಮ್ಮೆಯಿಂದ ಎದೆ ಉಬ್ಬಿಸ್ತೀವಿ. ಉಬ್ಬಿಸಬೇಕಾದ್ದೇ. ಆದರೆ ತಂತಿ ಹಾದುಹೋದ ದಾರಿಯ ಹಳ್ಳಿಗಳು ತಲೆ ಮೇಲೆ ಕರೆಂಟು ಹರೀತಿದ್ದರೂ ಎಷ್ಟು ದಶಕ ಸೀಮೆಎಣ್ಣೆ ಬುಡ್ಡಿಯಲ್ಲೇ ಕೂತಿದ್ದವು ಅನ್ನೋದನ್ನ ಹೇಳೋದು ಮರೀತೀವಿ. ಕರೆಂಟು ಹಳ್ಳಿಗಾಗಿ ಬಂದಿರಲಿಲ್ಲ. ಕಲ್ಲು ಪುಡಿ ಮಾಡೋ ಗಿರಣಿಗಾಗಿ ಬಂದಿತ್ತು.

ಚಿನ್ನದ ಬೆಲೆಯಲ್ಲಿ ಮೈಸೂರು ಸರ್ಕಾರಕ್ಕೆ ಸಿಕ್ಕ ರಾಯಲ್ಟಿ ನೂರಕ್ಕೆ ಐದು. ಪೊಟೋಸಿಯಲ್ಲಿ ಸ್ಪೇನ್ ದೊರೆ ಐದರಲ್ಲಿ ಒಂದು ಪಾಲು ಕಿತ್ತುಕೊಳ್ತಿದ್ದ. ಆ ಲೆಕ್ಕದಲ್ಲಿ ನಮ್ಮವರದ್ದು ಧಾರಾಳ ಮನಸ್ಸು! ಐದು ಪರ್ಸೆಂಟೂ ಕರೆಂಟಿನ ಬಿಲ್ಲೂ ಸೇರಿ ಮೈಸೂರಿನ ಖಜಾನೆಗೆ ಒಳ್ಳೇ ಆದಾಯವೇ ಬಂತು, ಸುಳ್ಳಲ್ಲ. ಮಿಕ್ಕಿದ ಲಾಭಾಂಶ ಲಂಡನ್ನಿನ ಷೇರುದಾರರಿಗೆ ಹೋಯ್ತು.

ಇಲ್ಲಿ ಇಳಿದವರು ಯಾರು? ಬಹುಪಾಲು ಉತ್ತರ ಆರ್ಕಾಟಿನಿಂದ, ಆ ಕಡೆಯ ತಮಿಳು ಜಿಲ್ಲೆಗಳಿಂದ ಬಂದ ದಲಿತರು. ಮಿತಾ ಇರಲಿಲ್ಲ, ಒಪ್ಪೋಣ. ಬರಗಾಲ ಇತ್ತು, ಊರಿನ ಜಮೀನ್ದಾರ ಇದ್ದ, ಜಾತಿ ಇತ್ತು. ಆಗ ಚಾಟಿಯ ಅಗತ್ಯ ಎಲ್ಲಿ ಬಂತು? ಹಾಗಂತ ಗಣಿಗೆ ಬಂದವರು ಬರೀ ದೀನರಾಗಿ ಕೂತಿರಲಿಲ್ಲ. 1930ರಲ್ಲಿ ಕಂಪನಿಯವರು ಪ್ರತಿ ಕೂಲಿಯವನ ಬೆರಳಚ್ಚು ತಗೋತೀವಿ ಅಂತ ಹೊರಟಾಗ ಇಡೀ ಗಣಿ ಕೆಲಸ ನಿಲ್ಲಿಸಿತು. ನಾವೇನು ಕಳ್ಳರಾ ಅನ್ನೋದು ಅವರ ಪ್ರಶ್ನೆ. ಯೂನಿಯನ್ ಅಂತ ಒಂದು ಗಟ್ಟಿಯಾಗಿ ಇನ್ನೂ ಇಲ್ಲದ ಕಾಲದಲ್ಲಿ, ಬರೀ ಮರ್ಯಾದೆಗಾಗಿ ನಡೆದ ಮುಷ್ಕರ ಅದು. 1946ರಲ್ಲಿ ಮತ್ತೆ ಮುಷ್ಕರ, ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಕಾರ್ಮಿಕರು ಬಲಿಯಾದರು. ಅದಕ್ಕೆ ನಾಲ್ಕು ವರ್ಷ ಮುಂಚೆ, 1942ರ ಡಿಸೆಂಬರಿನಲ್ಲಿ, ಪಾಟಿನ್ಯೊನ ಕಟಾವಿ ಗಣಿಯಲ್ಲಿ ಕೂಲಿ ಹೆಚ್ಚಿಸಿ ಅಂತ ಕೇಳಿದವರ ಮೇಲೆ ಬೊಲಿವಿಯಾ ಸೈನ್ಯ ಗುಂಡು ಹಾರಿಸಿತ್ತು. ಹೆಂಗಸರು ಮಕ್ಕಳೂ ಅದರಲ್ಲಿ ಸತ್ತರು. ಅವರಿಗೆ ಇವರು ಗೊತ್ತಿರಲಿಲ್ಲ, ಇವರಿಗೆ ಅವರು ಗೊತ್ತಿರಲಿಲ್ಲ.

ಈಗ ಕಥೆಯ ಮುಖ್ಯ ಭಾಗಕ್ಕೆ ಬರ್ತೀನಿ.

1952ರ ಏಪ್ರಿಲ್ 9. ಬೊಲಿವಿಯಾದ ರಾಜಧಾನಿ ಲಾ ಪಾಸ್‌ನಲ್ಲಿ ದಂಗೆ. ಗಣಿ ಕಾರ್ಮಿಕರು ಡೈನಮೈಟ್ ಕಡ್ಡಿ ಹಿಡಿದು ಬಂದರು, ಮೂರು ದಿನದಲ್ಲಿ ಸೈನ್ಯ ಸೋತಿತು. ವಿಕ್ತೋರ್ ಪಾಸ್ ಎಸ್ತೆನ್ಸೊರೊ ಅಧ್ಯಕ್ಷರಾದರು. ವಕೀಲ, ಅರ್ಥಶಾಸ್ತ್ರದ ಮೇಷ್ಟ್ರು. ಹೆಸರು ನೆನಪಿಟ್ಟುಕೊಳ್ಳಿ, ಇವರು ಮತ್ತೆ ಬರ್ತಾರೆ. ಅಲ್ಲಿಯವರೆಗೆ ಓದು ಬರಹ ಬಲ್ಲವರಿಗೆ ಮಾತ್ರ ಓಟು ಇತ್ತು. 1951ರಲ್ಲಿ ಓಟು ಹಾಕಿದವರು ಒಂದೂಕಾಲು ಲಕ್ಷದಷ್ಟು. ಎಲ್ಲರಿಗೂ ಹಕ್ಕು ಕೊಟ್ಟ ಮೇಲೆ 1956ರಲ್ಲಿ ಒಂಬತ್ತು ಲಕ್ಷ ದಾಟಿತು. ನಾವು ಅದೇ ಹೊತ್ತಿಗೆ, 1951-52ರಲ್ಲಿ, ಹೆಬ್ಬೆಟ್ಟಿನವರಿಗೂ ಓಟು ಕೊಟ್ಟು ಮೊದಲ ಚುನಾವಣೆ ಮುಗಿಸಿದ್ದೆವು. ಅಷ್ಟರ ಮಟ್ಟಿಗೆ ಅವರಿಗಿಂತ ನಾವು ಒಂದು ಹೆಜ್ಜೆ ಮುಂದೆ. 1953ರ ಆಗಸ್ಟಿನಲ್ಲಿ ಉಳುವವನಿಗೆ ಭೂಮಿ ಕೊಡೋ ಕಾನೂನೂ ಬಂತು. ಎಲ್ಲಕ್ಕಿಂತ ದೊಡ್ಡದು 1952ರ ಅಕ್ಟೋಬರ್ 31ರ ಆದೇಶ. ಪಾಟಿನ್ಯೊ ಸೇರಿ ಮೂರು ದೊಡ್ಡ ಧಣಿಗಳ ತವರದ ಗಣಿಗಳೆಲ್ಲ ಸರ್ಕಾರದ್ದಾದವು. ಕೊಮಿಬೋಲ್ ಅಂತ ಸರ್ಕಾರಿ ನಿಗಮ ಹುಟ್ಟಿತು. ಧಣಿಗಳಿಗೆ ಪರಿಹಾರ ಕೊಟ್ಟರು ಅನ್ನೋದನ್ನೂ ಹೇಳಿಬಿಡ್ತೀನಿ, ಕ್ರಾಂತಿಯ ಕಥೆ ಹೇಳೋರು ಅದನ್ನ ನುಂಗಿಬಿಡ್ತಾರೆ.

ನಾಲ್ಕು ವರ್ಷ ಬಿಟ್ಟು, 1956ರಲ್ಲಿ, ಮೈಸೂರು ಸರ್ಕಾರ ಕೋಲಾರದ ಗಣಿಗಳನ್ನ ರಾಷ್ಟ್ರೀಕರಣ ಮಾಡಿತು. ಇಲ್ಲಿ ಡೈನಮೈಟ್ ಬೇಕಾಗಲಿಲ್ಲ, ವಿಧಾನಸಭೆಯೇ ಸಾಕಾಯ್ತು. 1962ರಲ್ಲಿ ಕೇಂದ್ರ ಸರ್ಕಾರ ತಗೊಂಡಿತು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, ಬಿಜಿಎಂಎಲ್ ಅಂತ ಆಯ್ತು.

ಎರಡೂ ಕಡೆ ಜನ ಏನಂದುಕೊಂಡರು? ಇನ್ನು ಗಣಿ ನಮ್ಮದು ಅಂತ. ಸ್ವಾಮಿ, ಗಣಿ ನಿಮ್ಮದಾದರೆ ಸಾಲದು. ಗಣಿಯಿಂದ ಬಂದದ್ದಕ್ಕೆ ಬೆಲೆ ಕಟ್ಟೋರು ಯಾರು? ಅಸಲು ವಿಷಯ ಅದು.

ಬೊಲಿವಿಯಾದಲ್ಲಿ ಏನು ಮಾಡಿದರು ನೋಡಿ. ಕೊಮಿಬೋಲ್ ತವರ ಮಾರಿ ಡಾಲರ್ ತರ್ತಿತ್ತು. ಆ ಡಾಲರನ್ನ ಸರ್ಕಾರಕ್ಕೆ ಒಪ್ಪಿಸಬೇಕು, ಸರ್ಕಾರ ತಾನು ಗೊತ್ತು ಮಾಡಿದ ಅಗ್ಗದ ದರದಲ್ಲಿ ಪೆಸೊ ಕೊಡುತ್ತೆ. ಬೀದಿಯಲ್ಲಿ ಡಾಲರಿಗೆ ಎಷ್ಟೋ ಪಟ್ಟು ಬೆಲೆ. ಅಂದ್ರೆ ಗಣಿಯ ದುಡಿಮೆಯಲ್ಲಿ ದೊಡ್ಡ ಪಾಲನ್ನ ಪುಸ್ತಕದಲ್ಲಿ ತೆರಿಗೆ ಅಂತ ಬರೆಯದೇನೇ ಎತ್ತಿಕೊಂಡರು. ಆ ದುಡ್ಡಲ್ಲಿ ರಸ್ತೆ ಆಯ್ತು, ಎಣ್ಣೆ ಬಾವಿ ಆಯ್ತು, ಪೂರ್ವದ ಬಯಲು ಸೀಮೆ ಉದ್ಧಾರ ಆಯ್ತು. ಗಣಿಗೆ ಹೊಸ ಯಂತ್ರ ಮಾತ್ರ ಬರಲಿಲ್ಲ. ಕೊನೆಗೆ ಕೊಮಿಬೋಲ್ ಲೆಕ್ಕದಲ್ಲಿ ನಷ್ಟ ಬಂದಾಗ, ನೋಡಿ ಈ ಕಾರ್ಮಿಕರು ಸೋಮಾರಿಗಳು ಅಂತ ಹೇಳಿದರು.

ಕೋಲಾರದಲ್ಲಿ? ಅದೇ ಕೈಚಳಕ. ಇಲ್ಲಿ ಬಂದ ಚಿನ್ನವನ್ನ ಕೇಂದ್ರ ತಗೊಳ್ತಿದ್ದದ್ದು ಅಂತರರಾಷ್ಟ್ರೀಯ ಅಧಿಕೃತ ದರಕ್ಕೆ, ಔನ್ಸಿಗೆ 35 ಡಾಲರ್ ಲೆಕ್ಕದಲ್ಲಿ. 1960ರ ಹೊತ್ತಿಗೆ ಅದು ಹತ್ತು ಗ್ರಾಮಿಗೆ ಐವತ್ನಾಲ್ಕು ರೂಪಾಯಿ ಹತ್ತಿರ. ಅದೇ ದಿನಗಳಲ್ಲಿ ಬೊಂಬಾಯಿ ಪೇಟೆಯಲ್ಲಿ, ನಮ್ಮ ಅವೆನ್ಯೂ ರಸ್ತೆಯಲ್ಲಿ ಚಿನ್ನದ ಬೆಲೆ ಅದರ ದುಪ್ಪಟ್ಟು. ನೀವು ಮಗಳ ಮದುವೆಗೆ ದುಪ್ಪಟ್ಟು ಕೊಟ್ಟು ಕೊಳ್ತಿದ್ದೀರಿ, ಗಣಿಗೆ ಅರ್ಧ ಬೆಲೆ ಸಿಗ್ತಿದೆ. ದೇಶಕ್ಕೆ ವಿದೇಶಿ ವಿನಿಮಯ ಬೇಕಿತ್ತು, ಅದು ನಿಜ. ದೇಶಕ್ಕಾಗಿ ಕೊಡಬೇಕು ಅಂದರೆ ಕೋಲಾರದವರು ಬೇಡ ಅನ್ನುತ್ತಿರಲಿಲ್ಲ. ಆದರೆ ಕೊಟ್ಟದ್ದನ್ನ ಎಲ್ಲಾದರೂ ಜಮಾ ಬರೆದರಾ? ಇಲ್ಲ. ಲೆಕ್ಕದ ಪುಸ್ತಕದಲ್ಲಿ ಬರೆದದ್ದು ಒಂದೇ, ಬಿಜಿಎಂಎಲ್ ನಷ್ಟ. ಶುರುವಿನಲ್ಲಿ ಒಂದು ಟನ್ ಕಲ್ಲಿಗೆ ನಲವತ್ತು ಗ್ರಾಮಿಗೂ ಹೆಚ್ಚು ಸಿಗ್ತಿದ್ದ ಕಡೆ ಕೊನೆಗೆ ಮೂರು ನಾಲ್ಕು ಗ್ರಾಮ್. ಆಳ ಮೂರು ಕಿಲೋಮೀಟರ್ ದಾಟಿತ್ತು. ಕಲ್ಲಿನ ಬಿಸಿಯೇ 60 ಡಿಗ್ರಿ ಮೇಲೆ. ಒತ್ತಡ ತಾಳಲಾರದೆ ಬಂಡೆ ಸಿಡಿದರೆ ಮೇಲಿನ ಮನೆಗಳಲ್ಲಿ ಪಾತ್ರೆ ಉರುಳ್ತಿತ್ತು, ಹೆಂಗಸರು ಬಾಗಿಲಿಗೆ ಬಂದು ನಿಂತು ಶಿಫ್ಟ್ ಲೆಕ್ಕ ಹಾಕೋರು. ಹೀಗಾಗಿ ಗಣಿ ಎಂದಿಗೂ ಮುಚ್ಚಬಾರದಿತ್ತು ಅಂತ ನಾನು ಹೇಳೋದಿಲ್ಲ. ಭೂಮಿಯೊಳಗಿನದ್ದು ಅಕ್ಷಯಪಾತ್ರೆಯಲ್ಲ. ನನ್ನ ತಕರಾರು ಲೆಕ್ಕದ ಬಗ್ಗೆ.

ಒಂದು ನಿಮಿಷ ದಾರಿ ಬಿಟ್ಟು ಹೋಗ್ತೀನಿ. ಆ ಆಳಕ್ಕೂ ಆ ಎತ್ತರಕ್ಕೂ ಇನ್ನೊಂದು ನಂಟಿದೆ. ಆಕಾಶದಿಂದ ಸುರಿಯೋ ಕಾಸ್ಮಿಕ್ ಕಿರಣಗಳನ್ನ ಹಿಡಿಯೋಕೆ ವಿಜ್ಞಾನಿಗಳಿಗೆ ಒಂದೋ ಬಹಳ ಎತ್ತರ ಬೇಕು, ಇಲ್ಲಾ ಬಹಳ ಆಳ ಬೇಕು. 1947ರಲ್ಲಿ ಬೊಲಿವಿಯಾದ ಚಕಾಲ್ಟಾಯಾ ಶಿಖರದಲ್ಲಿಟ್ಟ ಫೋಟೋ ಫಲಕಗಳು ಪಯಾನ್ ಅನ್ನೋ ಕಣವನ್ನ ಖಾತ್ರಿ ಮಾಡಿದವು. 1965ರಲ್ಲಿ ನಮ್ಮ ಕೆಜಿಎಫ್ ಗಣಿಯ ತಳದಲ್ಲಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಸುಳಿವು ಸಿಕ್ಕಿತು. ಭೌತವಿಜ್ಞಾನದ ಪುಸ್ತಕದಲ್ಲಿ ಎರಡೂ ಊರಿನ ಹೆಸರಿದೆ. ಕೆಜಿಎಫ್ ಅಂದ್ರೆ ಸಿನಿಮಾ ಅಂತ ಮಾತ್ರ ಗೊತ್ತಿರೋ ಮಕ್ಕಳಿಗೆ ಇದನ್ನೂ ಹೇಳಿ.

ಸರಿ, ಮುಂದಕ್ಕೆ. 1964ರಲ್ಲಿ ಬೊಲಿವಿಯಾದಲ್ಲಿ ಸೈನ್ಯ ಬಂತು. 1967ರ ಜೂನ್ 24ರಂದು, ಸಂತ ಜಾನ್ ಹಬ್ಬದ ರಾತ್ರಿ ಕಳೆದು ಬೆಳಗಾಗೋ ಹೊತ್ತಲ್ಲಿ ಗಣಿ ಕಾಲೊನಿಗೆ ನುಗ್ಗಿ ಗುಂಡು ಹಾರಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅದೇ ಸೈನ್ಯ ಚೆ ಗುವಾರನನ್ನ ಹಿಡಿದು ಕೊಂದಿತು. ಚೆ ಟೀಶರ್ಟ್ ಹಾಕೋ ಹುಡುಗರಿಗೆ ಅವನು ಸತ್ತ ದೇಶ ಯಾವುದು ಅಂತ ಕೇಳಿ ನೋಡಿ, ಮಜಾ ಇರುತ್ತೆ. 1971ರಲ್ಲಿ ಕರ್ನಲ್ ಬಾನ್ಸೆರ್ ಸರ್ವಾಧಿಕಾರ. ಅದನ್ನ ಅಲ್ಲಾಡಿಸಿದ್ದು ಯಾರು ಗೊತ್ತಾ? ಗಣಿ ಕಾರ್ಮಿಕರ ಹೆಂಡತಿಯರು. 1977ರ ಡಿಸೆಂಬರ್ ಕೊನೆಗೆ ನಾಲ್ಕು ಹೆಂಗಸರು ಮಕ್ಕಳ ಸಮೇತ ಲಾ ಪಾಸ್‌ಗೆ ಬಂದು ಉಪವಾಸ ಕೂತರು. ಗಣಿ ಹೆಂಗಸರ ನಾಯಕಿ ದೊಮಿತಿಲಾ ಚುಂಗಾರಾ ಜೊತೆಗೂಡಿದರು. ಕೆಲವೇ ವಾರಗಳಲ್ಲಿ ಸಾವಿರಕ್ಕೂ ಹೆಚ್ಚು ಜನ ಉಪವಾಸಕ್ಕೆ ಇಳಿದಿದ್ದರು. ಸರ್ಕಾರ ಬಗ್ಗಿತು, ಚುನಾವಣೆಗೆ ಒಪ್ಪಿತು. ಸೈನ್ಯ ಪೂರ್ತಿ ಹೋಗೋಕೆ ಇನ್ನೂ ನಾಲ್ಕು ವರ್ಷ ಹಿಡೀತು.

1982ರಲ್ಲಿ ಪ್ರಜಾಪ್ರಭುತ್ವ ಬಂದಾಗ ಖಜಾನೆಯಲ್ಲಿ ಇದ್ದದ್ದು ಸೈನಿಕರು ಮಾಡಿಟ್ಟ ವಿದೇಶಿ ಸಾಲ. ನೋಟು ಅಚ್ಚು ಹಾಕಿದರು. ಮತ್ತೆ ಅಚ್ಚು ಹಾಕಿದರು. 1984ರ ಆಗಸ್ಟಿನಿಂದ 85ರ ಆಗಸ್ಟಿಗೆ ಬೆಲೆ ಏರಿದ್ದು ಶೇಕಡಾ 20,000ಕ್ಕೂ ಹೆಚ್ಚು. ಇದು ಮುದ್ರಣದೋಷ ಅಲ್ಲ, ಇಪ್ಪತ್ತು ಸಾವಿರ. ನೋಟು ಹೊರದೇಶದಲ್ಲಿ ಅಚ್ಚಾಗಿ ವಿಮಾನದಲ್ಲಿ ಬರೋದು. ಸಂಬಳ ಸಿಕ್ಕ ಗಂಟೆಯಲ್ಲೇ ಅಕ್ಕಿಯೋ ಡಾಲರೋ ಕೊಳ್ಳದಿದ್ದರೆ ಸಂಜೆಗೆ ಅದು ಬರೀ ಕಾಗದ.

ಆಗ ಅಧ್ಯಕ್ಷರಾಗಿ ಮತ್ತೆ ಬಂದವರು ವಿಕ್ತೋರ್ ಪಾಸ್ ಎಸ್ತೆನ್ಸೊರೊ. ಅವರೇ. 1952ರಲ್ಲಿ ಗಣಿಗಳನ್ನ ರಾಷ್ಟ್ರೀಕರಣ ಮಾಡಿದ ಅದೇ ಮನುಷ್ಯ, ಈಗ ಎಪ್ಪತ್ತೇಳು ವರ್ಷದ ಮುದುಕ. 1985ರ ಆಗಸ್ಟ್ 29ರಂದು 21060 ಅನ್ನೋ ನಂಬರಿನ ಆದೇಶಕ್ಕೆ ಸಹಿ ಹಾಕಿದರು. ಸಬ್ಸಿಡಿ ಬಂದ್, ಬೆಲೆ ನಿಯಂತ್ರಣ ಬಂದ್, ಡಾಲರಿಗೆ ಪೇಟೆ ದರ. ಬೆಲೆಯೇರಿಕೆ ಕೆಲವೇ ವಾರಗಳಲ್ಲಿ ನಿಂತಿತು. ಅದೂ ಸತ್ಯ, ಅದನ್ನೂ ಹೇಳಬೇಕು. ಅಕ್ಟೋಬರಿನಲ್ಲಿ ಲಂಡನ್ನಿನಲ್ಲಿ ತವರದ ವ್ಯಾಪಾರವೇ ನಿಂತು, ಬೆಲೆ ಪಾತಾಳಕ್ಕೆ ಬಿತ್ತು. ಕೊಮಿಬೋಲ್‌ನ ಮೂವತ್ತು ಸಾವಿರ ಚಿಲ್ಲರೆ ಕಾರ್ಮಿಕರಲ್ಲಿ 23,000 ಜನ ಮನೆಗೆ ಹೋದರು. ಅದಕ್ಕೆ ಇಟ್ಟ ಹೆಸರು ರಿಲೊಕಲಿಸಾಸಿಯೋನ್, ಅಂದ್ರೆ ಸ್ಥಳಾಂತರ. ಎಲ್ಲಿಗೆ ಸ್ಥಳಾಂತರ ಅಂತ ಆದೇಶದಲ್ಲಿ ಇರಲಿಲ್ಲ. 1986ರ ಆಗಸ್ಟಿನಲ್ಲಿ ಸಾವಿರಾರು ಕಾರ್ಮಿಕರು ಒರುರೊ ಊರಿನಿಂದ ರಾಜಧಾನಿಗೆ ಕಾಲ್ನಡಿಗೆಯಲ್ಲಿ ಹೊರಟರು. ಕಲಮಾರ್ಕಾ ಅನ್ನೋ ಹಳ್ಳಿ ಹತ್ತಿರ ಸೈನ್ಯ ಟ್ಯಾಂಕು ವಿಮಾನ ಸಮೇತ ಸುತ್ತುವರಿಯಿತು. ಸರ್ಕಾರವನ್ನೇ ಬೀಳಿಸಿದ್ದ ಡೈನಮೈಟಿನ ಜನ ಅವತ್ತು ಮೌನವಾಗಿ ಲಾರಿ, ರೈಲು ಹತ್ತಿ ವಾಪಸ್ ಹೋದರು.

ಕೋಲಾರಕ್ಕೆ ಆ ದಿನ ಬಂದದ್ದು 2001ರ ಫೆಬ್ರವರಿ 28. ನೂರಿಪ್ಪತ್ತು ವರ್ಷ, ಸುಮಾರು 800 ಟನ್ ಚಿನ್ನ, ಮೂರೂವರೆ ಸಾವಿರದಷ್ಟು ಕಾರ್ಮಿಕರು, ಒಂದು ಆದೇಶ. ಪಂಪು ನಿಂತಿತು, ನೀರು ಏರಿತು. ಮೂರು ಕಿಲೋಮೀಟರ್ ಸುರಂಗದಲ್ಲಿ ಈಗ ನೀರು ನಿಂತಿದೆ. ಮೇಲೆ ಉಳಿದದ್ದು ಸೈನೈಡ್ ಗುಡ್ಡಗಳು, ಬೇಸಿಗೆ ಗಾಳಿಗೆ ಮನೆಯೊಳಗೆ ಬರೋ ಧೂಳು, ಹಕ್ಕುಪತ್ರಕ್ಕಾಗಿ ಕಾಯುತ್ತಾ ಕೂತ ಕಾರ್ಮಿಕ ಲೈನುಗಳ ಪುಟ್ಟ ಮನೆಗಳು. ಮತ್ತೆ ಆ ಟ್ರೈನು.

ಬೊಲಿವಿಯಾದ ಕಾರ್ಮಿಕರು ಎಲ್ಲಿಗೆ ಹೋದರು? ಬಹಳ ಜನ ಲಾ ಪಾಸ್ ಮೇಲಿನ ಬಯಲಿಗೆ ಹೋಗಿ ಇಟ್ಟಿಗೆ ಮನೆ ಕಟ್ಟಿಕೊಂಡರು. ಅದು ಎಲ್ ಆಲ್ತೊ ಅನ್ನೋ ಮಹಾನಗರ ಆಯ್ತು. ಇನ್ನು ಕೆಲವರು ಚಪಾರೆ ಕಾಡಿಗಿಳಿದು ಕೋಕಾ ಎಲೆ ಬೆಳೆದರು. ಇಲ್ಲೇ ನನಗೆ ಎರಡು ಊರಿನ ವ್ಯತ್ಯಾಸ ಕಾಣೋದು. ಅವರು ಹೋದ ಕಡೆ ಯೂನಿಯನ್ ಕಟ್ಟೋ ಅಭ್ಯಾಸವನ್ನ ಗಂಟು ಕಟ್ಟಿಕೊಂಡು ಹೋದರು. ಕೋಕಾ ಬೆಳೆಗಾರರ ಸಂಘದಲ್ಲಿ ಗಣಿಯ ಶಿಸ್ತು ಬಂತು. ಆ ಸಂಘದ ನಾಯಕ ಇವೊ ಮೊರಾಲೆಸ್, ಗಣಿಯವನಲ್ಲ, ಬರಗಾಲಕ್ಕೆ ಊರು ಬಿಟ್ಟ ಐಮಾರಾ ಕುರಿಗಾಹಿ ಮನೆಯವನು. 2000ದಲ್ಲಿ ಕೊಚಬಾಂಬಾ ನಗರದ ನೀರನ್ನ ವಿದೇಶಿ ಕಂಪನಿಗೆ ಕೊಟ್ಟಾಗ ಜನ ಬೀದಿಗಿಳಿದು ಗುತ್ತಿಗೆ ರದ್ದು ಮಾಡಿಸಿದರು. 2003ರಲ್ಲಿ ಗ್ಯಾಸನ್ನ ಅಗ್ಗಕ್ಕೆ ಹೊರಕ್ಕೆ ಕಳಿಸೋದರ ವಿರುದ್ಧ ಎಲ್ ಆಲ್ತೊ ರಸ್ತೆ ಕಟ್ಟಿತು, ಸೈನ್ಯದ ಗುಂಡಿಗೆ ಹತ್ತಾರು ಜನ ಸತ್ತರು, ಅಧ್ಯಕ್ಷ ಸಾಂಚೆಸ್ ದೆ ಲೊಸಾದಾ ಅಮೆರಿಕಕ್ಕೆ ಓಡಿಹೋದರು. 21060ರ ಆದೇಶದ ಹಿಂದಿನ ಮುಖ್ಯ ತಲೆಗಳಲ್ಲಿ ಇವರೂ ಒಬ್ಬರು. 2005ರ ಡಿಸೆಂಬರಿನಲ್ಲಿ ಮೊರಾಲೆಸ್ ಶೇಕಡಾ 54 ಮತ ಪಡೆದು ಗೆದ್ದರು. 2006ರ ಮೇ 1ಕ್ಕೆ ಗ್ಯಾಸ್ ರಾಷ್ಟ್ರೀಕರಣ. ಹತ್ತು ವರ್ಷ ಬೆಲೆ ಚೆನ್ನಾಗಿತ್ತು, ಕಡು ಬಡತನ ಅರ್ಧಕ್ಕಿಂತ ಕೆಳಗಿಳೀತು.

ಆಮೇಲೆ? ಬಾವಿಗಳು ಬತ್ತತೊಡಗಿದವು, ಹೊಸದನ್ನ ಹುಡುಕಿರಲಿಲ್ಲ. ಮೊರಾಲೆಸ್ ಕುರ್ಚಿ ಬಿಡಲೊಲ್ಲದೆ ನಾಲ್ಕನೇ ಸಾರಿ ನಿಂತು 2019ರಲ್ಲಿ ದೇಶ ಬಿಡಬೇಕಾಯ್ತು. 2023ರಲ್ಲಿ ಬ್ಯಾಂಕುಗಳಲ್ಲಿ ಡಾಲರಿಗೆ ಬರ ಬಂತು, ಆಮೇಲೆ ಪೆಟ್ರೋಲ್ ಬಂಕ್ ಮುಂದೆ ಕ್ಯೂ ಬೆಳೀತು. 2025ರ ಅಕ್ಟೋಬರಿನಲ್ಲಿ ಗೆದ್ದು ಬಂದ ಹೊಸ ಅಧ್ಯಕ್ಷರ ಹೆಸರು ರೊಡ್ರಿಗೊ ಪಾಸ್. ಹೌದು, ವಿಕ್ತೋರ್ ಪಾಸ್ ಅವರ ಬಂಧು ಮನೆತನವೇ.

ನಮ್ಮ ಕೆಜಿಎಫ್‌ನವರು ಯಾಕೆ ಹಾಗೆ ಎದ್ದು ನಿಲ್ಲಲಿಲ್ಲ ಅಂತ ಕೆಲವರು ಕೇಳ್ತಾರೆ. ಅದು ಅನ್ಯಾಯದ ಪ್ರಶ್ನೆ. ಬೊಲಿವಿಯಾದಲ್ಲಿ ಗಣಿ ಅಂದ್ರೆ ದೇಶ. ಇಲ್ಲಿ ಗಣಿ ಅಂದ್ರೆ ಒಂದು ತಾಲ್ಲೂಕಿನ ಮೂಲೆ. ಅದರಲ್ಲೂ ತಮಿಳು ಮಾತಾಡೋ ಕನ್ನಡ ನಾಡಿನ ಮೂಲೆ, ದಲಿತರ ಮೂಲೆ. ಚೆನ್ನೈ ಇವರನ್ನ ಕರ್ನಾಟಕದವರು ಅಂತು. ಬೆಂಗಳೂರು ಇವರನ್ನ ಏನಂತು ಅನ್ನೋದನ್ನ ನಾವೇ ನಮ್ಮ ಎದೆ ಮುಟ್ಟಿಕೊಂಡು ಹೇಳಬೇಕು. ಹಾಗಿದ್ದೂ ಅವರು ಇಪ್ಪತ್ತು ವರ್ಷಕ್ಕೂ ಮೇಲೆ ಕೋರ್ಟಿಗೆ ಅಲೆದರು, ಬೆಳಗಿನ ಟ್ರೈನು ಹಿಡಿದು ಮಕ್ಕಳನ್ನ ಓದಿಸಿದರು.

ಸೈನೈಡ್ ಗುಡ್ಡಗಳಲ್ಲಿ ಇನ್ನೂ ಒಂದಿಷ್ಟು ಚಿನ್ನ ಇದೆ. 2024ರ ಜೂನಿನಲ್ಲಿ ಅಂಥ ಹದಿಮೂರು ದಿಬ್ಬಗಳ ಹರಾಜಿಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಒಳ್ಳೇದೇ. ಆದರೆ ನಾನು ಕೇಳೋದು ಹಳೇ ಪ್ರಶ್ನೆಯನ್ನೇ. ಪುಡಿ ಮಣ್ಣನ್ನ ಮತ್ತೆ ಜರಡಿ ಹಿಡಿದು ತೆಗೆದ ಚಿನ್ನದಲ್ಲಿ ಆ ಧೂಳು ಕುಡಿದ ಊರಿಗೆ ಎಷ್ಟು? ರಾಯಲ್ಟಿ ಬೆಂಗಳೂರಿಗೆ, ಲಾಭ ಕಂಪನಿಗೆ, ಮಿಕ್ಕ ಕೆಸರು ಊರಿಗೆ ಅಂತ ಆದರೆ ಅದು 1880ರ ಒಪ್ಪಂದಕ್ಕಿಂತ ಹೇಗೆ ಬೇರೆ? ಹರಾಜಿನ ಷರತ್ತುಗಳನ್ನ ಕೆಜಿಎಫ್‌ನಲ್ಲಿ, ಕನ್ನಡದಲ್ಲೂ ತಮಿಳಿನಲ್ಲೂ ಅಚ್ಚು ಹಾಕಿ ಗೋಡೆಗೆ ಅಂಟಿಸೋಕೆ ಏನು ಕಷ್ಟ?

ಪೊಟೋಸಿ ಬೆಟ್ಟದಲ್ಲಿ ಇವತ್ತಿಗೂ ಸಾವಿರಾರು ಜನ ಸಣ್ಣ ಸಣ್ಣ ಸಹಕಾರಿ ಗುಂಪು ಮಾಡಿಕೊಂಡು ಅಗೀತಿದ್ದಾರೆ. ಐನೂರು ವರ್ಷ ಕೊರೆದು ಕೊರೆದು ಬೆಟ್ಟದ ತುದಿಯೇ ಕುಸೀತಿದೆ, ಯುನೆಸ್ಕೋ 2014ರಲ್ಲಿ ಅದನ್ನ ಅಪಾಯದ ಪಟ್ಟಿಗೆ ಹಾಕಿತು. ಬೊಲಿವಿಯಾದ ಇನ್ನೊಂದು ತುದಿಯಲ್ಲಿ, ಅಮೆಜಾನ್ ಕಡೆಯ ನದಿಗಳಲ್ಲಿ, ಈಗ ಚಿನ್ನ ತೆಗೀತಾರೆ. ಪಾದರಸ ಬೆರೆಸಿಯೇ ತೆಗೀತಾರೆ, ಟೊಲೆಡೊ ಕಾಲದ ಹಾಗೆ. 2019ರಲ್ಲಿ ರಾಷ್ಟ್ರಪತಿ ರಾಮನಾಥ ಕೋವಿಂದ್ ಅಲ್ಲಿಗೆ ಹೋಗಿದ್ದರು, ಭಾರತದ ರಾಷ್ಟ್ರಪತಿ ಆ ದೇಶಕ್ಕೆ ಕಾಲಿಟ್ಟದ್ದು ಅದೇ ಮೊದಲು. ಲಿಥಿಯಂ ಬಗ್ಗೆ ಮಾತುಕತೆ ಆಯ್ತು. ಆದರೆ ಬೊಲಿವಿಯಾದಿಂದ ನಮ್ಮ ದೇಶಕ್ಕೆ ಬರೋ ಸರಕಿನಲ್ಲಿ ಬಹುಪಾಲು ಯಾವುದು ಗೊತ್ತಾ? ಚಿನ್ನ. 2021, 22ರ ಹೊತ್ತಿಗೆ ಅವರ ಚಿನ್ನಕ್ಕೆ ಅತಿ ದೊಡ್ಡ ಗಿರಾಕಿ ನಾವೇ ಆಗಿದ್ದೆವು. ಇಲ್ಲಿ ಗಣಿಗೆ ನೀರು ಬಿಟ್ಟವರು ಅಲ್ಲಿಂದ ತರಿಸಿಕೊಳ್ತಿದ್ದೀವಿ. ಅದು ಕರಗಿ, ಬಳೆ ಸರ ಆಗಿ, ಬೆಂಗಳೂರಿನ ಯಾವುದೋ ಎಸಿ ಅಂಗಡಿಯ ಗಾಜಿನ ಹಿಂದೆ ಕೂರುತ್ತೆ. ಅಂಗಡಿ ಬಾಗಿಲಲ್ಲಿ ಯೂನಿಫಾರ್ಮ್ ಹಾಕಿಕೊಂಡು ನಿಂತ ಕಾವಲುಗಾರನನ್ನ ಒಮ್ಮೆ ಮಾತಾಡಿಸಿ, ಯಾವೂರು ಅಂತ ಕೇಳಿ. ಮಾರಿಕುಪ್ಪಂ ಟ್ರೈನಿಗೆ ಹೊತ್ತಾಯ್ತು ಅಂತ ಗಡಿಯಾರ ನೋಡ್ತಿರ್ತಾನೆ.